ಕಳಂಕವು ಯಾರದು?

ಬಾಲ್ಯದಲ್ಲಿ ಹಿರಿಯನೊಬ್ಬನ ಕಾಮಕ್ಕೆ ಈಡಾದ ಮಗುವು ಪ್ರಾಯಕ್ಕೆ ಬಂದ ಮೇಲೂ ತನ್ನ ಮೈಯನ್ನೇ ಹೇಸುವುದುಂಟು. ಕೇಡು ಮಾಡಿದವನು ಸಭೆಯಲ್ಲಿ ತಲೆಯೆತ್ತಿ ನಡೆಯುತ್ತಾನೆ. ಏನೂ ಮಾಡದ ಮಗು ತಲೆ ತಗ್ಗಿಸುತ್ತದೆ. ಈ ವಿಪರೀತವು ಬಂದುದೆಲ್ಲಿಂದ?

ಹಂಗೇರಿಯ ಮನೋವೈದ್ಯ ಶಾಂದೋರ್ ಫೆರೆಂಟ್ಸಿಯು 1932ರಲ್ಲಿ ಜರ್ಮನಿಯ ವೀಸ್‌ಬಾಡೆನ್ನಿನಲ್ಲಿ ಓದಿದ ಪ್ರಬಂಧವೊಂದರಲ್ಲಿ ಇದರ ಮೂಲವನ್ನು ತೋರಿಸಿದನು. ಭಯಗ್ರಸ್ತವಾದ ಮಗುವು ಎದುರಿಸಲಾರದೆ ಆ ಹಿರಿಯನ ಇಚ್ಛೆಯೊಳಗೇ ತನ್ನನ್ನು ಕರಗಿಸಿಕೊಳ್ಳುತ್ತದೆ. ಆಗ ಆ ಕೆಡುಕನ ಅಪರಾಧಭಾವವೂ ಮಗುವಿನ ಒಳಹೊಕ್ಕು ನಿಲ್ಲುತ್ತದೆ. ಈ ಮಾತು ಫ್ರಾಯ್ಡನಿಗೇ ಹಿಡಿಸಲಿಲ್ಲ. ಪಂಡಿತರಿಗೆ ಕೇಳಲಾಗದುದನ್ನು ಮಗುವು ಮನೆಯಲ್ಲಿ ಯಾರಿಗೆ ಹೇಳೀತು! “ಆಗಲೇ ಏಕೆ ಕೂಗಲಿಲ್ಲ?” ಎನ್ನುವವರು ಭಯವು ನಾಲಗೆಯನ್ನು ಕಟ್ಟುವುದೆಂಬುದನ್ನು ಮರೆತಿರುತ್ತಾರೆ.

ಈ ಹೊರೆಗೆ ಲೋಕವು ಮೈಲಿಗೆಯೆಂದು ಹೆಸರಿಟ್ಟಿದೆ. ಶರಣರಾದರೋ ಹುಟ್ಟು, ಸಾವು, ಜಾತಿ, ರಜಸ್ಸು, ಎಂಜಲುಗಳ ಸೂತಕವನ್ನು ಅಲ್ಲಗಳೆದರು. ದೇಹಕ್ಕೆ ಸಹಜವಾದುದೇ ಮೈಲಿಗೆಯಲ್ಲವೆಂದ ಮೇಲೆ, ಪರರ ದುಷ್ಕೃತ್ಯವು ಮಗುವಿಗೆ ಅಂಟುವುದೆಂತು? ಆದರೂ ಮನೆಯ ಮಾನವೆಂಬ ಆರನೆಯ ಸೂತಕವೊಂದನ್ನು ಎಷ್ಟೋ ಕುಟುಂಬಗಳು ಕಾಪಾಡಿಕೊಂಡು ಬಂದಿವೆ. 2007ರಲ್ಲಿ ಭಾರತ ಸರ್ಕಾರವು ಪ್ರಕಟಿಸಿದ ಅಧ್ಯಯನದಲ್ಲಿ 12,447 ಮಕ್ಕಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರು ಒಂದಲ್ಲ ಒಂದು ಬಗೆಯ ಲೈಂಗಿಕ ಪೀಡೆಯನ್ನು ಕಂಡವರು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ತಿಳಿದೂ ಮುಚ್ಚಿಡುವ ಹಿರಿಯರನ್ನು 2012ರ ಪೋಕ್ಸೊ ಕಾಯಿದೆಯು ಅಪರಾಧಿಗಳೆಂದೇ ಎಣಿಸಿದೆ.

ಕ್ಷಮಿಸಿಬಿಡೆಂದು ನೊಂದವರಿಗೆ ಉಪದೇಶಿಸುವುದು ಸುಲಭ; ಕೇಳುವುದು ಕಷ್ಟ. ನಲವತ್ತರ ಪ್ರಾಯದಲ್ಲಿ ಮೊದಲ ಬಾರಿಗೆ ಬಾಯ್ದೆರೆಯುವವರೂ ಇದ್ದಾರೆ. ಎದುರು ಕುಳಿತವರು ನಂಬಿ ಕೇಳಿದರೆ, ಅವರು ಅಂದಿನ ತಮ್ಮನ್ನು ಪಾಲುಗಾರರೆಂದಲ್ಲದೆ, ಬರಿಯ ಮಗುವೆಂದು ಕಾಣತೊಡಗುತ್ತಾರೆ.