ಹೆಸರಿಲ್ಲದ ಹಿರಿಯರು

ಋಷಿಮೂಲ, ನದೀಮೂಲಗಳನ್ನು ಹುಡುಕಬಾರದೆಂದು ಹಿರಿಯರ ಮಾತು. ವಂಶಮೂಲಕ್ಕೆ ಅವರು ಅಡ್ಡಿ ಹೇಳಲಿಲ್ಲವೆಂಬ ಧೈರ್ಯದ ಮೇಲೆ ನಾನೂ ಹುಡುಕಹೊರಟೆ.

ಬೆಂಗಳೂರಿನಲ್ಲಿ ಇದು ಸುಲಭದ ಕೆಲಸವಲ್ಲ. ನಮ್ಮವರು ಗುರುತು ಹೇಳುತ್ತಿದ್ದ ಧರ್ಮಾಂಬುಧಿ ಕೆರೆ ಈಗ ಬಸ್ ನಿಲ್ದಾಣ. ಸಂಪಂಗಿ ಕೆರೆಯಿದ್ದಲ್ಲಿ ಕ್ರೀಡಾಂಗಣ. ‘ಕೆರೆ ಏರಿಯ ಪಕ್ಕದ ಮನೆ’ ಎಂದರೆ ಏರಿಯೂ ಇಲ್ಲ, ಮನೆಯೂ ಇಲ್ಲ.

ಹಳೆಯ ಪತ್ರಿಕೆಗಳ ಮೊರೆಹೊಕ್ಕೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಟಂದಿನಿಂದ ಕನ್ನಡದಲ್ಲಿ ಪತ್ರಿಕೆಗಳುಂಟು. ಆದರೆ ಸಾಮಾನ್ಯನ ಹೆಸರು ಅಚ್ಚಾಗಬೇಕಾದರೆ ಅವನಿಗೆ ಬಡ್ತಿಯಾಗಬೇಕು, ಇಲ್ಲವೇ ಅವನ ಮನೆ ಹರಾಜಾಗಬೇಕು. ನಮ್ಮ ಮುತ್ತಾತನ ಪುಣ್ಯ, ಬಡ್ತಿಯಾಗಿತ್ತು. ಒಂದು ಸಾಲು ಸಿಕ್ಕಿತು. 1898ರ ಪ್ಲೇಗಿನಲ್ಲಿ ಊರಾಚೆಯ ಗುಡಿಸಲಿನಲ್ಲಿ ಅವನ ಮಕ್ಕಳಿಗೆ ಗಂಜಿ ಕಾಯಿಸಿ ಬದುಕಿಸಿದ ಮುತ್ತಜ್ಜಿಯ ಹೆಸರು ಎಲ್ಲಿಯೂ ಇಲ್ಲ. ಆ ಮಾರಿಯ ನೆನಪಿಗೆ ಪ್ಲೇಗಮ್ಮನ ಗುಡಿಗಳಿವೆ. ಅಲ್ಲಿ ದೇವಿಗೆ ಹೆಸರುಂಟು, ನೊಂದವರಿಗಿಲ್ಲ.

ದಾಖಲೆಗೆ ಸಿಕ್ಕವರನ್ನಷ್ಟೇ ವಂಶವೆನ್ನುವುದು ನ್ಯಾಯವೇ? ನಾನು ಈ ಲೋಕದಲ್ಲಿರುವುದು ಮುತ್ತಾತನ ಬಡ್ತಿಗಿಂತ ಹೆಚ್ಚಾಗಿ ಆ ಗಂಜಿಯಿಂದ. ಹೆಸರು ತಿಳಿಯದ ಮಾತ್ರಕ್ಕೆ ಋಣ ಹರಿಯುವುದಿಲ್ಲ. ನಮ್ಮ ತರ್ಪಣದಲ್ಲಿ, ಯಾರೂ ಇಲ್ಲದವರಿಗೂ ಒಂದು ಬೊಗಸೆ ಎಳ್ಳುನೀರು ಬಿಡುತ್ತಾರೆ. ಈ ತಿಳಿವಳಿಕೆ ಹಿಂದಿನವರಿಗಿತ್ತು.

ಹಾಗೆಂದು ಎಳ್ಳುನೀರು ಬಿಟ್ಟು ಕೈತೊಳೆದುಕೊಳ್ಳುವುದೂ ಸಲ್ಲದು. ಹೋದವರ ಹೆಸರು ಹೋಯಿತು. ಮನೆಯ ಮೂಲೆಯಲ್ಲಿ ಹೂಬತ್ತಿ ಹೊಸೆಯುತ್ತ ಕುಳಿತ ಅಜ್ಜಿ ಇನ್ನೂ ಇದ್ದಾರೆ. ಅವರ ತಾಯಿಯ ಹೆಸರೇನು, ತವರೂರು ಯಾವುದು ಎಂದು ಇಂದೇ ಕೇಳಿ ಬರೆದಿಡಬಹುದು. ಅದಕ್ಕೆ ಯಾವ ಹಳೆಯ ಪತ್ರಿಕೆಯೂ ಬೇಕಾಗಿಲ್ಲ.