ಹುಟ್ಟಿದವನೆಲ್ಲಾ ಕಳ್ಳನೋ?

ಒಬ್ಬ ಮನುಷ್ಯನು ಅಪರಾಧಿಯಾಗುವದು ಯಾವಾಗ? ಕದ್ದ ದಿವಸವೋ, ಅಥವಾ ಕಳ್ಳರೆಂದು ಹೆಸರು ಬಿದ್ದವರ ಮನೆಯಲ್ಲಿ ಹುಟ್ಟಿದ ದಿವಸವೋ? ಹೀಗೆ ಕೇಳಿದರೆ ಚಿಕ್ಕ ಮಕ್ಕಳೂ ಸರಿಯಾದ ಉತ್ತರವನ್ನು ಕೊಡುವರು. ಆದಾಗ್ಯೂ ನಮ್ಮ ದೇಶದಲ್ಲಿ ಎಂಬತ್ತು ವರುಷಗಳಿಗೆ ಮಿಕ್ಕಿ ತಪ್ಪಾದ ಉತ್ತರವೇ ಕಾನೂನಾಗಿ ನಡೆಯಿತು. ವಾಚಕರು ಈ ಸಂಗತಿಯನ್ನು ಒಂಟಿಯಾಗಿ ಓದಿ ಮಡಿಸಿಡದೆ, ಮನೆಯವರೂ ನೆರೆಯವರೂ ಕೂಡಿದಾಗ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳಿ ವಿಚಾರಿಸಬೇಕೆಂದು ಬೇಡಿಕೊಳ್ಳುತ್ತೇವೆ. ಯಾಕೆಂಬದು ಮುಂದೆ ತಿಳಿಯುವದು.

ಬ್ರಿಟಿಷ್ ಸರಕಾರದವರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾನೂನನ್ನು ಮಾಡಿದರು. ಅದು ಮೊದಲು ಉತ್ತರ ಹಿಂದೂಸ್ಥಾನದಲ್ಲಿ ನಡೆದು, 1911ರ ಹೊಸ ಕಾನೂನಿನಿಂದ ಮುಂಬಯಿ, ಮದ್ರಾಸು ಪ್ರಾಂತಗಳಿಗೂ ಹಬ್ಬಿತು. ಅದನ್ನು ಸಮರ್ಥಿಸಿದವರ ತರ್ಕವೇನಂದರೆ: ಈ ದೇಶದಲ್ಲಿ ಬಡಗಿಯ ಮಗನು ಬಡಗಿಯಾಗುವನು, ನೇಕಾರನ ಮಗನು ನೇಕಾರನಾಗುವನು, ಹಾಗೆಯೇ ಕಳ್ಳನ ಮಗನು ಕಳ್ಳನಾಗುವನು. ನೋಡಿರಿ, ಪರದೇಶದಿಂದ ಬಂದವರು ಅಳತೆಗೋಲನ್ನು ತಮ್ಮ ಊರಿಂದ ತರಲಿಲ್ಲ; ಜಾತಿಯೆಂಬ ನಮ್ಮ ಕೋಲನ್ನೇ ಎತ್ತಿಕೊಂಡರು. ಒಂದು ಕುಲವನ್ನು ಅಪರಾಧಿ ಕುಲವೆಂದು ಸರಕಾರವು ಪ್ರಕಟಿಸಿದ ಬಳಿಕ ಅದರವರ ಹೆಸರನ್ನು ಪಟ್ಟಿಯಲ್ಲಿ ಬರೆದು, ಬೆರಳಿನ ಗುರುತನ್ನು ತಕ್ಕೊಂಡು, ಹಾಜರಿ ಹಾಕಿಸಬಹುದಾಗಿತ್ತು. ಅಪ್ಪಣೆಯ ಚೀಟಿಯಿಲ್ಲದೆ ಬೇರೆ ಊರಿಗೆ ಹೋದವನಿಗೆ ಶಿಕ್ಷೆ. ಆ ಪ್ರಕಟಣೆಯು ಸರಿಯೋ ತಪ್ಪೋ ಎಂದು ಕೇಳುವ ಅಧಿಕಾರವು ಯಾವ ನ್ಯಾಯಾಲಯಕ್ಕೂ ಇರಲಿಲ್ಲ.

ಕನ್ನಡನಾಡಿನಲ್ಲಿ ಈ ಪಟ್ಟಿಗೆ ಸಿಕ್ಕಿದವರಲ್ಲಿ ಕೊರಮರು, ಹರಣಶಿಕಾರಿಗಳು, ಛಪ್ಪರಬಂದರು, ಗಂಟಿಚೋರರು ಎಂಬವರು ಇದ್ದರು. ಕಡೆಯವರ ಹೆಸರನ್ನು ತುಸು ನಿಂತು ಕೇಳಿರಿ. ಚೋರ ಎಂಬ ಮಾತು ಅದರೊಳಗೇ ಉಂಟು. ಅವರ ಮಗುವು ಶಾಲೆಗೆ ಸೇರಿ ಜಾತಿಯನ್ನು ಬರೆಸುವಾಗಲೇ ತನ್ನ ಮೇಲೆ ತಾನೇ ದೂರು ಕೊಟ್ಟಂತೆ ಆಗುವದಲ್ಲವೋ? ಕೊರಮರ ಸಂಗತಿಯು ಬೇರೆ. ಇವರಲ್ಲಿ ಅನೇಕರು ಎತ್ತು ಕತ್ತೆಗಳ ಮೇಲೆ ಉಪ್ಪು ದವಸಗಳನ್ನು ಹೇರಿಕೊಂಡು ಊರಿಂದೂರಿಗೆ ಒಯ್ದು ಮಾರಿ ಬದುಕುತ್ತಿದ್ದರು. ಘಟ್ಟದ ಮೇಲಿನವರಾದ ನಮಗೆ ಉಪ್ಪು ಹೊತ್ತು ತರುವವನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ರೈಲು ಬಂತು, ಉಪ್ಪಿನ ಮೇಲೆ ಸರಕಾರದ ಹಿಡಿತವು ಬಿಗಿಯಾಯಿತು, ಅವರ ವ್ಯಾಪಾರವು ಮುರಿಯಿತು. ಕೆಲಸವಿಲ್ಲದೆ ತಿರುಗುವವರ ಮೇಲೆ ಸಂಶಯವು ಬಿತ್ತು. ಆ ಸಂಶಯವೇ ಬರವಣಿಗೆಯಾಗಿ ಪಟ್ಟಿಗೆ ಏರಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥವರನ್ನು ಕೂಡಿಹಾಕಿ ಕೆಲಸಕ್ಕೆ ಹಚ್ಚುವ ವಸತಿಗಳಾದವು. ಹುಬ್ಬಳ್ಳಿಯಲ್ಲಿ ಸೆಟಲ್‌ಮೆಂಟ್ ಎಂಬದು ಇಂದಿಗೂ ಒಂದು ಬಡಾವಣೆಯ ಹೆಸರಾಗಿದೆ.

ಇನ್ನು ಹೇಳತಕ್ಕದ್ದು ನಮ್ಮ ಕಿವಿಗೆ ಕಹಿ. ಇಂಥ ವಸತಿಗಳಲ್ಲಿ ಹಲವನ್ನು ನಡಿಸಿದವರು ಮಿಶನಿನವರೇ. ಬೂತ್-ಟಕ್ಕರ್ ಎಂಬವರ ಮುಖಾಂತರ ರಕ್ಷಣಾಸೈನ್ಯದವರು ಈ ಕೆಲಸಕ್ಕೆ ಕೈಯಿಟ್ಟರು. ಆಂಧ್ರದಲ್ಲಿ ಅವರ ವಶದಲ್ಲಿದ್ದ ಸ್ಟೂವರ್ಟುಪುರವು ಎಲ್ಲರೂ ಬಲ್ಲ ಊರು. ಅವರು ಶಾಲೆಯನ್ನು ಇಟ್ಟರು, ಮದ್ದು ಕೊಟ್ಟರು, ಕೆಲಸ ಕಲಿಸಿದರು. ಇದೆಲ್ಲಾ ನಿಜ, ಇದನ್ನು ಅಲ್ಲಗಳೆಯುವದು ನ್ಯಾಯವಲ್ಲ. ಆದರೆ ಹಾಡಿಗೂ ಬೋಧನೆಗೂ ಕೂತವನು ಎದ್ದು ಹೋಗಬೇಕಾದರೆ ಚೀಟಿ ಬೇಕು! ಬಾಗಲು ಮುಚ್ಚಿಟ್ಟು ಕೊಟ್ಟ ಅನ್ನವು ಅನ್ನವೇ ಆಗಿದ್ದರೂ ಉಂಡವನು ಅತಿಥಿಯಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಯಾರದು, ಇವನದೋ ತಂದೆತಾಯಿಗಳದೋ ಎಂದು ವಿಚಾರಿಸಿದ ವೃತ್ತಾಂತವನ್ನು ದಿನಾಲು ಓದುವವರೇ ಈ ಪಟ್ಟಿಯನ್ನು ಹಿಡಿದು ಹಾಜರಿ ಕೂಗಿದರೆಂಬದು ನಮಗೆ ಆಶ್ಚರ್ಯವಾಗಿ ಕಾಣುತ್ತದೆ. ಅವರು ದುಷ್ಟರಲ್ಲ. ಅದೇ ಕಾರಣದಿಂದ ಈ ಸಂಗತಿಯು ಹೆಚ್ಚು ಭಯಂಕರ.

ಅಮೇರಿಕದಲ್ಲಿಯೂ ಹೀಗೆಯೇ ಒಂದು ಲೆಕ್ಕ ಉಂಟು. 1865ರಲ್ಲಿ ಅಲ್ಲಿ ದಾಸತ್ವವನ್ನು ತೆಗೆದುಹಾಕಿದರು. ಆದರೆ ಅಪರಾಧಕ್ಕೆ ಶಿಕ್ಷೆಯಾಗಿ ದುಡಿಸುವದನ್ನು ಮಾತ್ರ ಅದೇ ತಿದ್ದುಪಡಿಯಲ್ಲಿ ಉಳಿಸಿಕೊಂಡರು. ಈಗಲೂ ಅಲ್ಲಿಯ ಜನರೊಳಗೆ ಕರಿಯರು ಏಳೆಂಟರಲ್ಲಿ ಒಂದು ಪಾಲಾದರೆ ಸೆರೆಮನೆಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು. ಮಿಶೆಲ್ ಅಲೆಕ್ಸಾಂಡರ್ ಎಂಬ ನ್ಯಾಯವಾದಿಯು 2010ರಲ್ಲಿ ಇದರ ಕುರಿತು ಬರೆದ ಪುಸ್ತಕವನ್ನು ಆ ದೇಶದ ಹಲವು ಸಭೆಗಳಲ್ಲಿ ಕೂಡಿ ಕುಳಿತು ಓದಿದರು. ಒಂಟಿಯಾಗಿ ಓದುವವನು ಕಥೆಯಲ್ಲಿ ನೊಂದವನ ಪಕ್ಕದಲ್ಲಿಯೇ ತನ್ನನ್ನು ಕೂರಿಸಿಕೊಳ್ಳುವನು. ನಡುವೆ ತಡೆಯುವವರು ಯಾರೂ ಇಲ್ಲ. ಹತ್ತು ಮಂದಿ ಕೂಡಿದಲ್ಲಿ, ಹೋದ ತಿಂಗಳು ನೀವೇ ಹೀಗೆ ಹೇಳಿದ್ದಿರಲ್ಲಾ ಅಣ್ಣಾ ಎನ್ನುವ ಒಬ್ಬನಾದರೂ ಇರುವನು.

ಯಾಕಂದರೆ ಸಿರಿಮನೆಯ ಸುತ್ತಣ ಊರುಗಳಲ್ಲಾಗಲಿ ಘಟ್ಟದ ಬೇರೆ ಊರುಗಳಲ್ಲಾಗಲಿ ಅಂಗಳದಲ್ಲಿ ಹರವಿದ ಅಡಿಕೆಯು ಒಂದು ರಾತ್ರಿ ಕಾಣದೆ ಹೋದರೆ ಮೊದಲು ಎಲ್ಲಿ ಹುಡುಕುವರು? ಗದ್ದೆಯ ಬದಿಯಲ್ಲಿ ಗುಡಾರ ಹಾಕಿದವರಲ್ಲಿ, ಮೊನ್ನೆ ಕೂಲಿಗೆ ಬಂದ ಹೊರಊರವರಲ್ಲಿ. ಅಡಿಕೆ ಕಳಕೊಂಡವನ ಸಂಕಟವು ಸಣ್ಣದಲ್ಲ. ವರುಷದ ಬೆಳೆ ಅದು. ಕದ್ದವನು ಸಿಕ್ಕಿದರೆ ನ್ಯಾಯಾಲಯವು ಶಿಕ್ಷಿಸಲಿ. ನಾವು ಕಳ್ಳತನವನ್ನು ಹಗುರ ಮಾಡುವದಿಲ್ಲ. ಕೆಲಸವನ್ನು ತೂಗುವದು ಒಂದು, ಹುಟ್ಟನ್ನು ತೂಗುವದು ಇನ್ನೊಂದು ಎಂಬದಿಷ್ಟೇ ನಮ್ಮ ಮಾತು.

1952ರಲ್ಲಿ ಆ ಕಾನೂನು ರದ್ದಾಯಿತು. ಅದರ ವಾಸನೆಯು ಸೆರೆಮನೆಯ ನಿಯಮಗಳಲ್ಲಿ ಉಳಿಯಿತು. ಅಲೆಮಾರಿ ಕುಲದವನು ತಪ್ಪಿಸಿಕೊಂಡು ಹೋಗುವ ಸ್ವಭಾವದವನೆಂದೂ, ಅಡಿಗೆಯು ಇಂಥ ಜಾತಿಗೆ, ಕಸ ಗುಡಿಸುವದು ಇಂಥ ಜಾತಿಗೆ ಎಂದೂ ಕೆಲವು ರಾಜ್ಯಗಳ ಪುಸ್ತಕಗಳಲ್ಲಿ ಬರೆದಿತ್ತು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆಯು ಇದನ್ನು ಹುಡುಕಿ ಬರೆದು ಸುಪ್ರೀಂ ಕೋರ್ಟಿಗೆ ಹೋಗಲಾಗಿ, 2024ರ ಅಕ್ಟೋಬರ್ 3ರಂದು ಆ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಾಯಿತು. ಸೆರೆಮನೆಯ ದಾಖಲೆಯಲ್ಲಿ ಜಾತಿಯನ್ನು ಬರೆಯುವ ಅಂಕಣವನ್ನೇ ತೆಗೆಯಬೇಕೆಂದು ಆಜ್ಞೆಯಾಯಿತು. 2022ರ ಕೊನೆಗೆ ನಮ್ಮ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ಇನ್ನೂ ವಿಚಾರಣೆ ಮುಗಿಯದವರು. ಅಂದರೆ ನಾಲ್ವರಲ್ಲಿ ಮೂವರು ತಪ್ಪಿತಸ್ಥರೆಂದು ಯಾವ ನ್ಯಾಯಾಧೀಶನೂ ಹೇಳಲಿಲ್ಲ. ಜಾಮೀನಿಗೆ ಹಣವಿಲ್ಲದವರು ಇವರಲ್ಲಿ ಬಹಳ.

ಓದುವ ವಿಷಯವಾಗಿ ಇನ್ನೊಂದು ಮಾತು. ಕೂಡಿದವರೊಳಗೆ ತನ್ನ ಅಜ್ಜನು ಹಾಜರಿಗೆ ಓಗೊಟ್ಟವನೆಂದು ಬಲ್ಲವರೊಬ್ಬರು ಇರಬಹುದು, ಮಗನು ಸೆರೆಯಲ್ಲಿರುವ ತಾಯಿಯೊಬ್ಬಳು ಇರಬಹುದು. ಅವರ ಕಡೆಗೆ ತಿರುಗಿ, ನೀವು ಹೇಳಿರಿ ಎಂದು ಬಲವಂತಪಡಿಸಬೇಡಿರಿ. ಹೇಳುವ ಮನಸ್ಸಾದರೆ ಹೇಳುವರು. ಆಗ ಪುಸ್ತಕವನ್ನು ಮುಚ್ಚಿ ಅವರ ಮಾತನ್ನು ಕೇಳಿರಿ.