ಅಟ್ಟದ ಮೇಲಿನ ಕಾದಂಬರಿ

ಅರಸೀಕೆರೆ ಕಡೆಯ ತೋಟದ ಮನೆಗಳಲ್ಲಿ ಕಾಯಿ ಕಿತ್ತ ಕೂಡಲೇ ಕೊಬ್ಬರಿ ಆಗುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಮರೆತುಬಿಡಬೇಕು. ಎಂಟು ತಿಂಗಳು, ಹತ್ತು ತಿಂಗಳು, ಕೆಲವೊಮ್ಮೆ ಪೂರ್ತಿ ವರ್ಷ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ತಿಳಿಯಲು ಯಂತ್ರವೇನೂ ಬೇಡ. ಮನೆಯ ಯಜಮಾನ ಒಂದು ಕಾಯಿ ಎತ್ತಿಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ನೀರು ಕುಲುಕಿದರೆ ವಾಪಸ್ಸು ಅಟ್ಟಕ್ಕೆ. ಒಳಗೆ ಗಿಟುಕು ಲೊಟಲೊಟ ಅಂದರೆ ಸುಲಿಯುವುದಕ್ಕೆ ಇಳಿಸಬಹುದು. ಅವಸರಪಟ್ಟು ಒಡೆದರೆ ಕಾಯಿಯ ರೇಟೂ ಇಲ್ಲ, ಕೊಬ್ಬರಿಯ ರೇಟೂ ಇಲ್ಲ.

ಇಂಥ ಊರಿನಲ್ಲಿ ಮಗ ಒಂದು ದಿನ ಬ್ಯಾಂಕಿನಿಂದಲೋ ತಾಲ್ಲೂಕು ಕಚೇರಿಯಿಂದಲೋ ಬಂದು, ‘ಕೆಲಸ ಬಿಡ್ತೀನಿ, ಕಾದಂಬರಿ ಬರೀತೀನಿ’ ಅಂದರೆ ತಾಯಿ ಏನನ್ನಬಹುದು? ಹೆಚ್ಚುಕಡಿಮೆ ಹೀಗೆ: ‘ಅಲ್ಲ ಕಣಪ್ಪ, ಬರೀಬೇಡ ಅಂದೋರ್ಯಾರು? ಅದಕ್ಕೆ ಕೆಲಸ ಯಾಕೆ ಬಿಡ್ಬೇಕು?’

ಇದನ್ನು ಹಳೆಯ ಕಾಲದವರ ಅಂಜಿಕೆ ಎಂದು ತಳ್ಳಿಹಾಕುವವರೇ ಹೆಚ್ಚು. ಆದರೆ ಕನ್ನಡದ ಕಾದಂಬರಿಕಾರರ ಬದುಕನ್ನು ಸ್ವಲ್ಪ ಕೆದಕಿ ನೋಡಿದರೆ, ಆ ತಾಯಿ ಕೇಳಿದ್ದು ಸರಿಯಾದ ಪ್ರಶ್ನೆಯೇ ಎಂದು ಗೊತ್ತಾಗುತ್ತದೆ. ಹಾಸನ ಜಿಲ್ಲೆಯೊಂದೇ ಅದಕ್ಕೆ ಮೂರು ಉತ್ತರ ಕೊಟ್ಟಿದೆ. ಮೂರೂ ಬೇರೆ ಬೇರೆ.

ಮೊದಲನೆಯದು ಅರಕಲಗೂಡು ಮನೆತನದ ಅ.ನ. ಕೃಷ್ಣರಾಯರದು. ಪತ್ರಿಕೆಗಳ ಸಂಪಾದಕತ್ವ ಬಿಟ್ಟರೆ ಅವರಿಗೆ ಬೇರೆ ಆಸರೆ ಇರಲಿಲ್ಲ, ಬರೆದೇ ಬದುಕಿದರು. 1908ರಲ್ಲಿ ಹುಟ್ಟಿ 1971ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕಾದಂಬರಿಗಳೇ ನೂರರ ಗಡಿ ದಾಟಿದ್ದವು. ಕನ್ನಡದಲ್ಲಿ ಕಾದಂಬರಿಗೆ ಓದುಗರನ್ನು ಹುಟ್ಟಿಸಿದವರ ಸಾಲಿನಲ್ಲಿ ಅವರ ಹೆಸರು ಮೊದಲು ಬರುತ್ತದೆ. ‘ಕಾದಂಬರಿ ಸಾರ್ವಭೌಮ’ ಎಂಬ ಬಿರುದು ಸುಮ್ಮನೆ ಬಂದದ್ದಲ್ಲ. 1960ರ ಮಣಿಪಾಲ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆದರೆ ನೂರು ಕಾದಂಬರಿ ಅಂದರೆ ಅದರಲ್ಲಿ ಮನಸ್ಸಿಗಾಗಿ ಬರೆದವೂ ಇರುತ್ತವೆ, ತಿಂಗಳ ಖರ್ಚಿಗಾಗಿ ಬರೆದವೂ ಇರುತ್ತವೆ. ‘ಸಂಧ್ಯಾರಾಗ’ ಓದಿದವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಉತ್ತರ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ್ದು. ಎಸ್.ಎಲ್. ಭೈರಪ್ಪ ಬರವಣಿಗೆಗಾಗಿ ಕೆಲಸ ಬಿಡಲೇ ಇಲ್ಲ. ಹುಬ್ಬಳ್ಳಿ, ಗುಜರಾತ್, ದೆಹಲಿ, ಕೊನೆಗೆ ಮೈಸೂರು ಎಂದು ಮೇಷ್ಟರಾಗಿಯೇ ತಿರುಗಿ 1991ರಲ್ಲಿ ನಿವೃತ್ತರಾದರು. ‘ವಂಶವೃಕ್ಷ’ (1965), ‘ಗೃಹಭಂಗ’ (1970), ‘ಪರ್ವ’ (1979) ಮೂರೂ ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದ ಕಾಲದ ಪುಸ್ತಕಗಳು. ‘ಗೃಹಭಂಗ’ದ ನಂಜಮ್ಮನೇ ನೋಡಿ: ಗಂಡ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವವಳು ಇವಳು. ಮನೆ ಮುರಿದು ಬೀಳುತ್ತಿರುವಾಗಲೂ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಕೂರುತ್ತಾಳೆ. ಸಂಬಳದ ಕೆಲಸವನ್ನೂ ಬರವಣಿಗೆಯನ್ನೂ ಜೊತೆಗೇ ಎಳೆದ ಲೇಖಕನಿಗೆ ಆ ಪಾತ್ರ ಹೊರಗಿನಿಂದ ಸಿಕ್ಕಿದ್ದಷ್ಟೇ ಇರಲಾರದು.

ಮೂರನೆಯದು ಹಾಸನ ನಗರದ ಬಾನು ಮುಷ್ತಾಕ್ ಅವರದು. ವಕೀಲಿಕೆ ಮಾಡುತ್ತಲೇ ಮೂರು ದಶಕಗಳಲ್ಲಿ ಬರೆದ ಕತೆಗಳಿಂದ ಹನ್ನೆರಡನ್ನು ಆಯ್ದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದರು. ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದಿತು. ಅವು ಸಣ್ಣ ಕತೆಗಳು, ಕಾದಂಬರಿಯಲ್ಲ, ನಿಜ. ಆದರೆ ಕಕ್ಷಿದಾರರು ಬಂದು ಕೂರುವ ಕುರ್ಚಿಯನ್ನು ತೆಗೆದುಹಾಕಿದ್ದರೆ ಆ ಕತೆಗಳು ಎಲ್ಲಿಂದ ಬರುತ್ತಿದ್ದವು?

ಹಾಗಾದರೆ ಕೆಲಸ ಬಿಟ್ಟು ಗೆದ್ದವರೇ ಇಲ್ಲವೇ ಎಂದರೆ, ಇದ್ದಾರೆ. ದೊಡ್ಡ ಉದಾಹರಣೆ ಮಾಸ್ತಿಯವರದು. ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿ ಜಿಲ್ಲಾಧಿಕಾರಿ, ಅಬಕಾರಿ ಕಮಿಷನರ್ ಹುದ್ದೆಗಳವರೆಗೆ ಏರಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರರು 1943ರಲ್ಲಿ ಕೆಲಸ ಬಿಟ್ಟರು. ತಮಗೆ ಸಲ್ಲಬೇಕಾದ ಮೇಲಿನ ಪದವಿ ಕಿರಿಯರೊಬ್ಬರಿಗೆ ಹೋಯಿತು ಎಂಬುದು ಕಾರಣ. ಆಗ ಅವರ ವಯಸ್ಸು ಸುಮಾರು 52. ಸ್ವಾಭಿಮಾನಕ್ಕೆ ಪೆಟ್ಟು ಬಿದ್ದು ಬಿಟ್ಟದ್ದೇ ಹೊರತು ಕಾದಂಬರಿ ಬರೆಯಬೇಕೆಂದು ಬಿಟ್ಟದ್ದಲ್ಲ. ಅಂದಮೇಲೆ ಇದನ್ನು ಉದಾಹರಣೆಯಾಗಿ ತರುವುದು ಸರಿಯೇ ಎಂದು ಯಾರಾದರೂ ಕೇಳಬಹುದು.

ಸರಿ ಎನ್ನುವುದಕ್ಕೆ ಕಾರಣ, ಬಿಡುವ ಮುಂಚಿನ ವರ್ಷಗಳು. ಅವರ ‘ಕೆಲವು ಸಣ್ಣ ಕತೆಗಳು’ ಬಂದದ್ದು 1920ರಲ್ಲಿ, ‘ಸುಬ್ಬಣ್ಣ’ 1928ರಲ್ಲಿ. ಕ್ಯಾಂಪು, ಜಮಾಬಂದಿ, ಕಡತಗಳ ನಡುವೆಯೇ ಎರಡು ದಶಕಕ್ಕೂ ಮೇಲೆ ಬರೆದಿದ್ದರು. ಕೋಪ ಬಂದ ದಿನ ಕೈಯಲ್ಲಿ ಬರೀ ರಾಜೀನಾಮೆ ಪತ್ರ ಇರಲಿಲ್ಲ. ಪಳಗಿದ ಲೇಖನಿಯೂ ಕಾದಿದ್ದ ಓದುಗರೂ ಇದ್ದರು. ಮುಂದಿನ ವರ್ಷವೇ, 1944ರಲ್ಲಿ, ‘ಜೀವನ’ ಮಾಸಪತ್ರಿಕೆಯ ಸಂಪಾದಕತ್ವ ಹೊತ್ತುಕೊಂಡು 1965ರ ತನಕ ನಡೆಸಿದರು. ಅಂದರೆ ಒಂದು ಕಚೇರಿಯಿಂದ ಎದ್ದವರು ಇನ್ನೊಂದು ಕಚೇರಿಯಲ್ಲಿ ಕೂತರು. ಸಂಬಳ ಕೊಡುವವರು ಮಾತ್ರ ಇರಲಿಲ್ಲ.

ಅವರ ಎರಡು ದೊಡ್ಡ ಐತಿಹಾಸಿಕ ಕಾದಂಬರಿಗಳು, ‘ಚೆನ್ನಬಸವನಾಯಕ’ ಮತ್ತು ‘ಚಿಕವೀರ ರಾಜೇಂದ್ರ’, ಹುಟ್ಟಿದ್ದು ಕೆಲಸ ಬಿಟ್ಟ ಮೇಲೆ. ಎರಡನೆಯದು 1956ರದು. ಕೊಡಗಿನ ಕೊನೆಯ ಅರಸನ ಆಸ್ಥಾನದಲ್ಲಿ ಬೋಪಣ್ಣ, ಲಕ್ಷ್ಮೀನಾರಾಯಣಯ್ಯನಂಥ ಮಂತ್ರಿಗಳು ಮಾತನ್ನು ಅಳೆದು ತೂಗಿ ಆಡುವುದು, ಮೇಲಿನವನ ಹುಚ್ಚನ್ನು ಸಹಿಸಿಕೊಂಡೇ ರಾಜ್ಯದ ಕೆಲಸ ನಡೆಸುವುದು, ಇಂಗ್ಲಿಷರ ಜೊತೆಗಿನ ಪತ್ರವ್ಯವಹಾರದ ಗಂಟುಗಳು, ಇವನ್ನೆಲ್ಲ ಅಷ್ಟು ನಿರಾಳವಾಗಿ ಬರೆಯಬಲ್ಲವರು ಕಡತ ನೋಡಿದವರೇ. ಬಿಟ್ಟು ಬಂದ ಕಚೇರಿ ಕಾದಂಬರಿಯೊಳಕ್ಕೆ ಬಂದು ಕೂತಿತ್ತು. ಮಾಸ್ತಿಯವರಿಗೆ ಜ್ಞಾನಪೀಠ ಬಂದದ್ದು 1983ನೇ ಸಾಲಿನದು. ರಾಜೀನಾಮೆ ಕೊಟ್ಟು ಆಗ ನಲವತ್ತು ವರ್ಷ.

ಇದಕ್ಕೆ ಪೂರ್ತಿ ಎದುರು ಆರ್.ಕೆ. ನಾರಾಯಣ್. ಚನ್ನಪಟ್ಟಣದ ಸರ್ಕಾರಿ ಶಾಲೆಯಲ್ಲಿ ಮೇಷ್ಟರ ಕೆಲಸ ಸಿಕ್ಕಿತ್ತು. ಕೆಲವೇ ದಿನಗಳಲ್ಲಿ ಬಿಟ್ಟು ಮೈಸೂರಿಗೆ ವಾಪಸ್ಸು. ಬರವಣಿಗೆಯಿಂದ ಮೊದಲ ವರ್ಷ ಕೈಗೆ ಬಂದದ್ದು ಒಂಬತ್ತು ರೂಪಾಯಿ ಹನ್ನೆರಡಾಣೆ. ಅಲ್ಲಿಂದ 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬರುವ ತನಕ, ಆಮೇಲೂ, ಮನೆಯವರು ಅವರ ಬೆನ್ನಿಗಿದ್ದರು. ಅವರ ಧೈರ್ಯವನ್ನು ಕೊಂಡಾಡುವವರು ಆ ಮನೆಯ ಊಟದ ತಟ್ಟೆಯನ್ನು ಯಾಕೋ ಮರೆಯುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಕನ್ನಡ ಕಾದಂಬರಿಯೊಂದರ ಮೊದಲ ಮುದ್ರಣ ಸಾಮಾನ್ಯವಾಗಿ ಸಾವಿರ ಪ್ರತಿ, ಎಷ್ಟೋ ಸಲ ಅದೂ ಇಲ್ಲ. ಬೆಲೆ 300 ರೂಪಾಯಿ, ಗೌರವಧನ ಶೇ. 10 ಎಂದಿಟ್ಟುಕೊಂಡರೆ, ಅಷ್ಟೂ ಪ್ರತಿ ಖರ್ಚಾದಾಗ ಲೇಖಕನಿಗೆ 30,000 ರೂಪಾಯಿ. ಬರೆಯಲು ಎರಡು ವರ್ಷ ಹಿಡಿದಿದ್ದರೆ ತಿಂಗಳಿಗೆ 1,250. ಅರಸೀಕೆರೆಯಲ್ಲಿ ಒಂದು ಸಣ್ಣ ಸಂಸಾರದ ಹಾಲು, ಗ್ಯಾಸು, ಕರೆಂಟಿನ ಬಿಲ್ಲಿಗೂ ಅದು ಸಾಲದು. ಅ.ನ.ಕೃ., ತ.ರಾ.ಸು. ಕಾಲದಲ್ಲಿ ಬಾಡಿಗೆ ಗ್ರಂಥಾಲಯಗಳಿದ್ದವು, ಆಮೇಲೆ ವಾರಪತ್ರಿಕೆಯ ಧಾರಾವಾಹಿಗಳು ಬಂದವು, ಸಿನಿಮಾದವರು ಕಾದಂಬರಿ ಹುಡುಕಿಕೊಂಡು ಬರುತ್ತಿದ್ದರು. ಆ ಬಾಗಿಲುಗಳು ಈಗ ಅಷ್ಟು ಅಗಲವಾಗಿ ತೆರೆದಿಲ್ಲ.

ಆದರೆ ಅನಿಶ್ಚಿತ ಆದಾಯ ಎಂದರೆ ಬೆಚ್ಚಿಬೀಳುವ ಊರು ಇದಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗಿಳಿದಿದ್ದರು. ಎರಡೇ ವರ್ಷದಲ್ಲಿ, 2025ಕ್ಕೆ, ಅದೇ ಕೊಬ್ಬರಿ 20,000 ದಾಟಿತು. ವರ್ಷಕ್ಕೊಮ್ಮೆ ಬರುವ, ದರ ತನ್ನ ಕೈಯಲ್ಲಿಲ್ಲದ ದುಡ್ಡಿನಲ್ಲಿ ಬದುಕುವ ರೀತಿ ತೋಟದವರಿಗೆ ಗೊತ್ತು: ರೇಟು ಬಂದ ವರ್ಷ ಕೈ ಬಿಗಿ ಹಿಡಿಯುವುದು, ಎಲ್ಲ ಮಾಲನ್ನೂ ಒಟ್ಟಿಗೆ ಮಾರದಿರುವುದು, ತೆಂಗಿನ ಸಾಲಿನ ನಡುವೆ ಹುರುಳಿಯನ್ನೋ ರಾಗಿಯನ್ನೋ ಬಿತ್ತುವುದು, ಹಟ್ಟಿಯಲ್ಲಿ ಒಂದು ಕರೆಯುವ ಹಸು. ಕಾದಂಬರಿಕಾರನ ಹಸು ಅನುವಾದವಿರಬಹುದು, ಅಂಕಣವಿರಬಹುದು, ಕರಡು ತಿದ್ದುವ ಕೆಲಸವಿರಬಹುದು. ಅದಿಲ್ಲದೆ ಬರೀ ತೆಂಗು ನಂಬಿದವನ ಪಾಡು ಊರಿಗೇ ಗೊತ್ತು.

ಈ ವಿಷಯದಲ್ಲಿ ಇಂಗ್ಲೆಂಡಿನ ಅಂಚೆ ಇಲಾಖೆಯ ಒಬ್ಬ ಅಧಿಕಾರಿಯಷ್ಟು ಲೆಕ್ಕಾಚಾರದ ಮನುಷ್ಯ ಸಿಗುವುದು ಕಷ್ಟ. ಆಂಟನಿ ಟ್ರಾಲೋಪ್ 1834ರಲ್ಲಿ ಗುಮಾಸ್ತನಾಗಿ ಸೇರಿದವನು. ಬೆಳಿಗ್ಗೆ ಐದೂವರೆಗೆ ಮೇಜಿನ ಮುಂದೆ ಕೂತುಬಿಡುತ್ತಿದ್ದ. ಕಾಫಿ ತಂದು ಎಬ್ಬಿಸುವುದಕ್ಕೆಂದೇ ಹಳೆಯ ಸೇವಕನಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚಿಗೆ ಕೊಡುತ್ತಿದ್ದ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು, ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಮೂರು ತಾಸು ಮುಗಿಸಿ, ತಿಂಡಿ ತಿಂದು, ಅಂಚೆ ಕೆಲಸಕ್ಕೆ. ಅವಧಿಗೆ ಮುಂಚೆ ಬಿಟ್ಟರೆ ಪಿಂಚಣಿ ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಹೋಗುವ ಪಿಂಚಣಿಗೆ ಸಮನಾದ ವರಮಾನ ತರುವಷ್ಟು ಹಣವನ್ನು ಪುಸ್ತಕಗಳಿಂದಲೇ ಕೂಡಿಟ್ಟು, ಆಮೇಲೆ, 1867ರಲ್ಲಿ, ಕೆಲಸ ಬಿಟ್ಟ. ಅವನಿಗೂ ಆಗ 52. ಮಾಸ್ತಿಯವರಿಗೂ ಇವನಿಗೂ ವಯಸ್ಸು ಹೊಂದಿದ್ದು ಕಾಕತಾಳೀಯ. ಬಿಡುವ ಮೊದಲೇ ಇಬ್ಬರೂ ಹೆಸರಾಂತ ಲೇಖಕರಾಗಿದ್ದರು ಎಂಬುದು ಕಾಕತಾಳೀಯವಲ್ಲ.

ನಮ್ಮ ಕಾಲದ ಉದಾಹರಣೆ ಬೇಕೆಂದರೆ ಸಂಡೂರಿನ ವಸುಧೇಂದ್ರ. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಸಾಫ್ಟ್‌ವೇರ್ ಕೆಲಸದಲ್ಲಿ ದೀರ್ಘ ಕಾಲ ಇದ್ದು, ಆಮೇಲೆ ಪೂರ್ಣಾವಧಿ ಬರಹಕ್ಕೆ ಬಂದವರು. ಅವರೂ ಕೆಲಸದಲ್ಲಿರುವಾಗಲೇ ಕತೆ, ಪ್ರಬಂಧ ಬರೆದು ಓದುಗರನ್ನು ಗಳಿಸಿಕೊಂಡಿದ್ದರು. ‘ಛಂದ ಪುಸ್ತಕ’ ಎಂಬ ಪ್ರಕಾಶನ ಕಟ್ಟಿ ಹೊಸಬರ ಪುಸ್ತಕಗಳನ್ನು ತರುತ್ತಿದ್ದರು. ಲಿಸ್ಬನ್‌ನಿಂದ ಗೋವಾ, ವಿಜಯನಗರದವರೆಗೆ ಹರಡಿಕೊಂಡ ‘ತೇಜೋ ತುಂಗಭದ್ರಾ’ (2019) ರಜೆಯ ದಿನಗಳಲ್ಲಿ ಮುಗಿಸುವ ಪುಸ್ತಕವಲ್ಲ. ಅಷ್ಟು ಓದು, ಅಷ್ಟು ಸುತ್ತಾಟ ಬೇಡುವ ಕಾದಂಬರಿಗೆ ಇಡೀ ದಿನಗಳೇ ಬೇಕು. ಕೆಲಸ ಬಿಡುವುದಕ್ಕೆ ಒಳ್ಳೆಯ ಕಾರಣ ಎಂದರೆ ಇದು: ಕೈಯಲ್ಲಿರುವ ಪುಸ್ತಕ ಬೆಳಗಿನ ಒಂದು ತಾಸಿಗೆ ದಕ್ಕದಷ್ಟು ಬೆಳೆದುನಿಂತಿರಬೇಕು. ಮೇಲಧಿಕಾರಿ ಬೈದ ಎಂಬುದು ಆ ಕಾರಣವಲ್ಲ. ಮೇಲಧಿಕಾರಿ ವರ್ಗವಾಗಿ ಹೋಗುತ್ತಾನೆ.

ಕಾಗದದ ಕೆಲಸ ಒಂದಿಷ್ಟಿದೆ. ಸರ್ಕಾರಿ ನೌಕರಿಯಲ್ಲಿ ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೇ ಅಳಿಸಿಹೋಗುತ್ತದೆ, ನಿಗದಿತ ಅವಧಿ ಮುಗಿಸಿ ಸ್ವಯಂ ನಿವೃತ್ತಿ ಪಡೆದರೆ ಸೇವೆಗೆ ತಕ್ಕ ಸವಲತ್ತು ಉಳಿಯುತ್ತದೆ. ಖಾಸಗಿ ಕಂಪನಿಯ ಗುಂಪು ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಸ್ವಂತದ್ದನ್ನು ಮೊದಲೇ ಮಾಡಿಸಿಕೊಂಡಿರಬೇಕು. ಇದನ್ನೆಲ್ಲ ಕೇಳಿ ಕಾದಂಬರಿಕಾರನಿಗೆ ಬೇಸರ ಬಂದರೆ ಟ್ರಾಲೋಪನನ್ನು ನೆನೆಸಿಕೊಳ್ಳಲಿ.

ಇನ್ನೊಂದು ತೊಡಕು ಯಾವ ನಿಯಮಾವಳಿಯಲ್ಲೂ ಬರೆದಿರುವುದಿಲ್ಲ. ಕೆಲಸ ಬಿಟ್ಟವನು ಮನೆಯಲ್ಲೇ ಇರುತ್ತಾನಲ್ಲ, ಊರಿನ ಕಣ್ಣಿಗೆ ಅವನು ಬಿಡುವಾಗಿರುವವನು. ಸಿಲಿಂಡರ್ ಬಂದರೆ ಅವನೇ ಬಾಗಿಲು ತೆಗೆಯಬೇಕು, ಭಾವಮೈದುನನ ಮದುವೆಯ ಲಗ್ನಪತ್ರಿಕೆ ಹಂಚಲು ಅವನೇ ಹೋಗಬೇಕು, ದೊಡ್ಡಪ್ಪನನ್ನು ಹಾಸನದ ಆಸ್ಪತ್ರೆಗೆ ಅವನೇ ಕರೆದೊಯ್ಯಬೇಕು. ‘ನೀನು ಹೇಗೂ ಮನೇಲಿರ್ತೀಯಲ್ಲ’ ಎಂಬ ಒಂದು ವಾಕ್ಯ ಯಾವ ಮ್ಯಾನೇಜರನ ಮೆಮೋಗಿಂತಲೂ ಹೆಚ್ಚು ಪುಟಗಳನ್ನು ನುಂಗಬಲ್ಲದು. ಸಿಟ್ಟಾಗಿ ಪ್ರಯೋಜನವಿಲ್ಲ. ಹತ್ತರಿಂದ ಒಂದರವರೆಗೆ ಬಾಗಿಲು ಹಾಕಿರುತ್ತದೆ ಎಂಬುದು ಒಂದು ವರ್ಷ ತಪ್ಪದೆ ನಡೆದರೆ ಊರೂ ಒಪ್ಪಿಕೊಳ್ಳುತ್ತದೆ. ಕಚೇರಿಗೆ ಹೋಗುವವನಂತೆ ಅಂಗಿ ಹಾಕಿಕೊಂಡು ಕೂತರೆ ಇನ್ನೂ ಬೇಗ.

ಇನ್ನೂ ಬಿಡದವನ ಮಾತಿಗೆ ಬಂದರೆ, ಅವನಿಗೆ ಒಂದು ತಿಂಗಳ ಗಳಿಕೆ ರಜೆ ಹಾಕಿ ನೋಡುವ ದಾರಿಯಿದೆ. ಮೂವತ್ತು ದಿನದಲ್ಲಿ ಎಷ್ಟು ಪುಟ ಆಯಿತು ಎಂಬುದು ಕಾಯಿಯನ್ನು ಕಿವಿಗೆ ಹಿಡಿದಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ರಜೆ ಸಿಗದಿದ್ದರೆ ರೈಲಿದೆ. ಅರಸೀಕೆರೆ ಜಂಕ್ಷನ್; ಬೆಂಗಳೂರು, ಹುಬ್ಬಳ್ಳಿ, ಮೈಸೂರು ಮೂರು ಕಡೆಗೂ ದಾರಿ. ದಿನಾ ಹಾಸನಕ್ಕೆ ಹೋಗಿ ಬರುವ ಗುಮಾಸ್ತನಿಗೆ ಬೆಳಿಗ್ಗೆ ಸುಮಾರು ಒಂದು ತಾಸು ಸಿಗುತ್ತದೆ. ಟ್ರಾಲೋಪನ ಕಾಲು ಗಂಟೆಯ ಲೆಕ್ಕವನ್ನು ಒಂದು ತಾಸಿಗೆ ಹಿಗ್ಗಿಸಿದರೂ ದಿನಕ್ಕೆ 250 ಪದ. ತಿಂಗಳಿಗೆ 22 ದಿನವೆಂದರೆ 5,500. ಹನ್ನೆರಡು ತಿಂಗಳಿಗೆ 66,000. ಅಷ್ಟು ಒಂದು ಕಾದಂಬರಿಗೆ ಧಾರಾಳ ಸಾಕು. ಹೋಗುವಾಗ ಬರೆದರೆ ಆಯಿತು. ಸಂಜೆ ಬರುವಾಗ ಸೀಟು ಸಿಕ್ಕರೆ ನಿದ್ದೆ ಮಾಡಲಿ.